ಯಾವ ವಿಷಯ ತೆಗೆದುಕೊಳ್ಳಲಿ?

ಶ್ರೀಮಠದ ವಿದ್ಯಾಸಂಸ್ಥೆಯ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಒಂದು ಪ್ರಶ್ನೆ. ಪ್ರತಿವರ್ಷ ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದ ಮೇಲೆ ಸಿರುಗುಪ್ಪ, ಕುರುಗೋಡು ಕಡೆಯ ಹುಡುಗರು ತಮ್ಮ ತಂದೆತಾಯಿಗಳೊಡನೆ ಬಳ್ಳಾರಿಯ ನಮ್ಮ ಮನೆಗೆ ಬಂದು, ಕಟ್ಟೆಯ ಮೇಲೆ ಕುಳಿತು, "ಸಾರ್, ಯಾವ ವಿಷಯ ತೆಗೆದುಕೊಳ್ಳಲಿ?" ಎಂದು ಕೇಳುತ್ತಾರೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಕಾಲೇಜಿನಲ್ಲಿ ಇತಿಹಾಸವನ್ನು ಬೋಧಿಸಿ ನಿವೃತ್ತನಾದ ನನ್ನಂಥವನಿಗೆ ಈ ಪ್ರಶ್ನೆ ಹೊಸದಲ್ಲ. ಆದರೂ ವರ್ಷ ಕಳೆದಂತೆ ಅದಕ್ಕೆ ಉತ್ತರ ಹೇಳುವುದು ಹೆಚ್ಚು ಹೆಚ್ಚು ಕಠಿಣವಾಗುತ್ತಿದೆ. ಈ ಶಾಲೆಯಲ್ಲಿಯೇ ಕಲಿತು, ಇಲ್ಲಿಯ ಉಚಿತ ಪ್ರಸಾದ ನಿಲಯದಲ್ಲಿಯೇ ಉಂಡು ಬೆಳೆದವನಾದ್ದರಿಂದ, ಆ ಪ್ರಶ್ನೆಯನ್ನು ಕುರಿತ ನನ್ನ ಕೆಲವು ವಿಚಾರಗಳನ್ನು ಇಲ್ಲಿಯ ಗುರುವೃಂದದ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ನಮ್ಮ ಕಾಲದಲ್ಲಿ ಈ ಪ್ರಶ್ನೆಗೆ ಅಷ್ಟಾಗಿ ಅವಕಾಶವೇ ಇರಲಿಲ್ಲ. ವಿದ್ಯಾರ್ಥಿಯು ವಿಷಯವನ್ನು ಆರಿಸಿಕೊಳ್ಳುವುದಕ್ಕೆ ಬದಲು ವಿಷಯವೇ ವಿದ್ಯಾರ್ಥಿಯನ್ನು ಆರಿಸಿಕೊಳ್ಳುತ್ತಿತ್ತು. ಊರಿನಿಂದ ಬಸ್ಸು ಎಲ್ಲಿಗೆ ಹೋಗುವುದೋ ಅಲ್ಲಿಯ ಕಾಲೇಜು; ಆ ಕಾಲೇಜಿನಲ್ಲಿ ಏನನ್ನು ಕಲಿಸುವರೋ ಅದೇ ನಮ್ಮ ವ್ಯಾಸಂಗ. ನಮ್ಮ ಹಿರಿಯರ ಸ್ಥಿತಿಯಂತೂ ಇನ್ನೂ ಕಷ್ಟದ್ದಾಗಿತ್ತು. ಬಳ್ಳಾರಿ ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದ ಆ ದಿನಗಳಲ್ಲಿ ಪದವಿಯನ್ನು ಬಯಸಿದವರು ಅನಂತಪುರಕ್ಕೋ ಮದರಾಸಿಗೋ ಹೋಗಬೇಕಾಗಿತ್ತು. 1916ರಲ್ಲಿ ಸ್ಥಾಪಿತವಾದ ವೀರಶೈವ ವಿದ್ಯಾವರ್ಧಕ ಸಂಘವು 1945ರಲ್ಲಿ ಬಳ್ಳಾರಿಯಲ್ಲಿ ವೀರಶೈವ ಕಾಲೇಜನ್ನು ತೆರೆದ ಮೇಲೆ ಎಷ್ಟೋ ರೈತರ ಮಕ್ಕಳು ಪದವೀಧರರಾದರು. 1953ರ ಅಕ್ಟೋಬರ್ 1ರಂದು ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಮುಂದೆ ನಮ್ಮ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ. 2010ರಿಂದ ಬಳ್ಳಾರಿಯಲ್ಲಿಯೇ ನೆಲೆಗೊಂಡ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ. ಒಂದು ಮನೆತನದ ಮೂರು ತಲೆಮಾರುಗಳ ಪದವಿ ಪತ್ರಗಳನ್ನು ಜೋಡಿಸಿಟ್ಟರೆ ಮದರಾಸು, ಧಾರವಾಡ, ಗುಲಬರ್ಗಾ, ಬಳ್ಳಾರಿ ಎಂಬ ನಾಲ್ಕು ಊರುಗಳ ಮುದ್ರೆಗಳು ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ವಿಶ್ವವಿದ್ಯಾಲಯವು ಹೀಗೆ ಹೆಜ್ಜೆ ಹೆಜ್ಜೆಯಾಗಿ ನಮ್ಮ ಊರಿನ ಹತ್ತಿರಕ್ಕೆ ಬಂದಿದೆ.

ನಾನು ಹುಟ್ಟಿದ್ದು ತೆಕ್ಕಲಕೋಟೆಯ ಸಮೀಪದ ಹಳ್ಳಿಯಲ್ಲಿ. 1963-64ರ ಸುಮಾರಿಗೆ, ನಾನು ಇನ್ನೂ ಏಳೆಂಟು ವರ್ಷದವನಾಗಿದ್ದಾಗ, ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರಾದ ಡಾ. ಎಂ. ಎಸ್. ನಾಗರಾಜರಾಯರು ಅಲ್ಲಿಯ ಬೆಟ್ಟಗಳಲ್ಲಿ ಉತ್ಖನನ ನಡೆಸಿದರು. ನಮ್ಮ ಸೋದರಮಾವ ಅಲ್ಲಿ ಮಣ್ಣು ಹೊರುವ ಕೂಲಿಗೆ ಹೋಗುತ್ತಿದ್ದರು. ಸಂಜೆ ಮನೆಗೆ ಬಂದು, "ಒಡೆದ ಬೋಕಿಚೂರಿಗೂ ನಂಬರು ಬರೆದು ಚೀಲದಾಗ ಹಾಕ್ತಾರಪ್ಪ!" ಎಂದು ನಗುತ್ತಿದ್ದರು. ಬೋಕಿಚೂರಿಗೆ ನಂಬರು ಏಕೆ ಎಂಬುದು ನನಗೆ ಅಂದು ತಿಳಿಯಲಿಲ್ಲ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಕಲ್ಲು, ಮಣ್ಣು, ಬೆಟ್ಟಗಳನ್ನು ಕುರಿತು ಓದಬೇಕೆಂಬ ಆಸೆ ಬೆಳೆಯಿತು. ಪದವಿ ತರಗತಿಗೆ ಸೇರುವಾಗ ನನಗೆ ದೊರೆತದ್ದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಗುಂಪು. ಅದನ್ನು ಮುಗಿಸಿ, ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಮೀಟರ್‌ಗೇಜ್ ರೈಲಿನಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತು ಗದಗ, ಹುಬ್ಬಳ್ಳಿಯ ಮಾರ್ಗವಾಗಿ ಧಾರವಾಡಕ್ಕೆ ಹೋದೆ. ನನ್ನೊಡನೆ ಈ ಶಾಲೆಯಿಂದ ತೇರ್ಗಡೆಯಾದ ಜಾಣ ಹುಡುಗರಲ್ಲಿ ಎಷ್ಟೋ ಮಂದಿಗೆ ಆ ರೈಲು ಹತ್ತುವ ಯೋಗ ಬರಲಿಲ್ಲ. ಅವರಿಗೆ ಬುದ್ಧಿಯ ಕೊರತೆಯಿರಲಿಲ್ಲ. ಧಾರವಾಡದ ಕೋಣೆಯ ಬಾಡಿಗೆಯನ್ನೂ ಊಟದ ಖರ್ಚನ್ನೂ ಹೊರುವ ಶಕ್ತಿ ಅವರ ಮನೆಗಳಿಗೆ ಇರಲಿಲ್ಲ.

ಇಂದಿನ ಸ್ಥಿತಿಯನ್ನು ನೋಡಿದರೆ ಸಂತೋಷವಾಗುತ್ತದೆ. ಬಳ್ಳಾರಿಯ ವಿಶ್ವವಿದ್ಯಾಲಯದಲ್ಲಿ ಕನ್ನಡ, ಆಂಗ್ಲ ಭಾಷೆಗಳಿಂದ ಹಿಡಿದು ಇತಿಹಾಸ ಮತ್ತು ಪುರಾತತ್ತ್ವ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಸಮಾಜಕಾರ್ಯ, ಪತ್ರಿಕೋದ್ಯಮ, ಕಾನೂನು, ವಾಣಿಜ್ಯ, ಆಡಳಿತ ನಿರ್ವಹಣೆ, ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಜೈವಿಕ ತಂತ್ರಜ್ಞಾನ, ಗಣಕ ವಿಜ್ಞಾನದವರೆಗೆ ಅನೇಕ ವ್ಯಾಸಂಗ ಕ್ರಮಗಳಿವೆ. ನಟ ಬಳ್ಳಾರಿ ರಾಘವರ ಊರಿನಲ್ಲಿ ಪ್ರದರ್ಶನ ಕಲೆಗೂ ಸ್ಥಾನ ದೊರೆತಿದೆ. ಅದಿರಿನ ನಾಡಾದ ಸಂಡೂರಿನ ನಂದಿಹಳ್ಳಿಯ ಆವರಣದಲ್ಲಿ ಖನಿಜ ಸಂಸ್ಕರಣೆಯಂಥ ಅಪರೂಪದ ವಿಷಯವನ್ನು ಕಲಿಯಬಹುದು. ವೈದ್ಯಕೀಯ ಕಾಲೇಜು 1961ರಿಂದ ನಗರದಲ್ಲಿದೆ. ಇಂಜಿನಿಯರಿಂಗ್ ಕಾಲೇಜು 1980ರಿಂದ. ಸಂಶೋಧನೆಗೆಂದೇ 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ 2009ರಲ್ಲಿ ಸ್ಥಾಪಿತವಾದ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವೂ ನಮ್ಮಿಂದ ದೂರವಿಲ್ಲ. ಇದರ ಮೇಲೆ, ಸಂವಿಧಾನದ 371ಜೆ ವಿಧಿಯ ಪ್ರಕಾರ ನಮ್ಮ ಭಾಗದ ವಿದ್ಯಾಸಂಸ್ಥೆಗಳಲ್ಲಿ ಶೇಕಡಾ 70ರಷ್ಟು, ರಾಜ್ಯದ ಇತರ ಕಡೆ ಶೇಕಡಾ 8ರಷ್ಟು ಸ್ಥಾನಗಳು ನಮ್ಮ ಮಕ್ಕಳಿಗೆ ಮೀಸಲಾಗಿವೆ.

ಬಾಗಿಲುಗಳು ಇಷ್ಟೊಂದು ತೆರೆದಿದ್ದರೂ ನಮ್ಮ ಮಕ್ಕಳು ಹೋಗುವ ದಾರಿ ಮಾತ್ರ ಹಳೆಯದೇ ಆಗಿದೆ. ಹೆಚ್ಚು ಅಂಕ ಬಂದವರು ವಿಜ್ಞಾನಕ್ಕೆ, ಮಧ್ಯಮ ತರದವರು ವಾಣಿಜ್ಯಕ್ಕೆ, ಉಳಿದವರು ಕಲಾ ವಿಭಾಗಕ್ಕೆ ಎಂಬ ವಿಂಗಡಣೆಯನ್ನು ಯಾವ ವಿಶ್ವವಿದ್ಯಾಲಯವೂ ವಿಧಿಸಿಲ್ಲ. ನಾವೇ ನಮ್ಮ ಮನೆಗಳಲ್ಲಿ ವಿಧಿಸಿಕೊಂಡಿದ್ದೇವೆ. ಧಾನ್ಯದಂತೆ ಮಕ್ಕಳನ್ನು ಜರಡಿ ಹಿಡಿದು, ಜರಡಿಯ ಕೆಳಗೆ ಬಿದ್ದದ್ದನ್ನು ಇತಿಹಾಸಕ್ಕೂ ಕನ್ನಡಕ್ಕೂ ಕಳಿಸುವ ಈ ಪದ್ಧತಿಯಿಂದ ಆ ಮಕ್ಕಳಿಗೂ ಆ ವಿಷಯಗಳಿಗೂ ಸಮಾನವಾಗಿ ಅನ್ಯಾಯವಾಗಿದೆ. ಒಂದು ಜ್ಞಾನಶಾಖೆ ಎಂದರೆ ಒಂದು ಬಗೆಯ ಪ್ರಶ್ನೆ. ಯಾವ ಪ್ರಶ್ನೆ ತನ್ನನ್ನು ಕಾಡುತ್ತದೆ ಎಂದು ತಿಳಿಯದ ವಿದ್ಯಾರ್ಥಿಗೆ ಯಾವ ವಿಷಯವೂ ಒಗ್ಗುವುದಿಲ್ಲ. ಈ ಮಾತನ್ನು ನಮ್ಮ ನೆಲದ ಮೂರು ಉದಾಹರಣೆಗಳಿಂದಲೇ ವಿವರಿಸಬಹುದು.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡತಿನಿಯ ಬಳಿ ಒಂದು ಬೂದಿದಿಬ್ಬವಿದೆ. ಇಂತಹ ದಿಬ್ಬಗಳು ರಾಕ್ಷಸರ ಮೂಳೆ ಸುಟ್ಟ ಬೂದಿಯೆಂದು ಹಳ್ಳಿಗರು ಹೇಳುತ್ತಿದ್ದರು. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಇಂದಿಗೂ ವಾಲಿಯ ಚಿತಾಭಸ್ಮವೆನ್ನುತ್ತಾರೆ. ಜನರು ಹೀಗೇಕೆ ಹೇಳುತ್ತಾರೆ ಎಂದು ಕೇಳಿದರೆ ಅದು ಜಾನಪದ. ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲವರು ಇದನ್ನು ಜ್ವಾಲಾಮುಖಿಯ ಉತ್ಪನ್ನವಿರಬಹುದೆಂದು ಊಹಿಸಿದರು. ಅದು ಭೂವಿಜ್ಞಾನದ ಪ್ರಶ್ನೆ. ಭೂವಿಜ್ಞಾನಿಯೇ ಆಗಿದ್ದ ರಾಬರ್ಟ್ ಬ್ರೂಸ್ ಫೂಟರು ಇದು ದನಗಳ ಸಗಣಿ ಸುಟ್ಟ ಬೂದಿಯೆಂಬ ಅಭಿಪ್ರಾಯಕ್ಕೆ ಬಂದರು. 1957ರಲ್ಲಿ ಆಲ್ಚಿನ್ ಎಂಬ ಪುರಾತತ್ತ್ವಜ್ಞರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂತಹದೇ ದಿಬ್ಬವನ್ನು ಅಗೆದಾಗ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ ದೊಡ್ಡಿಯ ಗೂಟಗಳ ಕುಳಿಗಳೂ ದೊರೆತವು. 1960ರಲ್ಲಿ ಪ್ರಕಟವಾದ ತ್ಸೊಯ್ನರ್ ಎಂಬ ವಿಜ್ಞಾನಿಯ ಪರೀಕ್ಷೆಯು ಬಳ್ಳಾರಿಯ ಬೂದಿ ಸಗಣಿಯದೇ ಎಂಬುದನ್ನು ದೃಢಪಡಿಸಿತು. ನವಶಿಲಾಯುಗದ ದನಗಾಹಿಗಳು ಅಷ್ಟು ಸಗಣಿಯನ್ನು ಸುಟ್ಟದ್ದೇಕೆ, ಹಬ್ಬಕ್ಕೋ ರೋಗಭಯಕ್ಕೋ ಎಂಬುದು ಸಮಾಜಶಾಸ್ತ್ರ ಮತ್ತು ಮಾನವಶಾಸ್ತ್ರಗಳ ಪ್ರಶ್ನೆಯಾಗಿ ಉಳಿದಿದೆ. ಅದೇ ಕುಡತಿನಿಯಲ್ಲಿ ಈಗ 1,700 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಅದರ ಹಾರುಬೂದಿಯನ್ನು ಏನು ಮಾಡಬೇಕೆಂಬುದು ಇಂಜಿನಿಯರರ ಮತ್ತು ಪರಿಸರ ವಿಜ್ಞಾನಿಗಳ ಪ್ರಶ್ನೆ. ಒಂದೇ ಊರಿನ ಬೂದಿಯಲ್ಲಿ ಇಷ್ಟು ವಿಭಾಗಗಳು ಅಡಗಿವೆ!

ಇನ್ನು ಸಿರುಗುಪ್ಪದ ಕಡೆಗೆ ಬರೋಣ. 1945ರಲ್ಲಿ ಅಡಿಗಲ್ಲು ಹಾಕಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟು ನಮ್ಮ ತಾಲ್ಲೂಕಿನ ಹಣೆಬರಹವನ್ನೇ ಬದಲಿಸಿತು. ಎರೆಮಣ್ಣಿಗೆ ನೀರು ಹಾಯಿಸಿದರೆ ಏನಾದೀತು ಎಂಬ ಪ್ರಶ್ನೆಯನ್ನು ಕೃಷಿ ವಿಜ್ಞಾನಿಗಳು ಅಣೆಕಟ್ಟಿಗೂ ಮೊದಲೇ, ಮದರಾಸು ಸರಕಾರದ ಕಾಲದಲ್ಲಿಯೇ, ಸಿರುಗುಪ್ಪದ ಸಂಶೋಧನಾ ಕೇಂದ್ರದಲ್ಲಿ ಕೈಗೆತ್ತಿಕೊಂಡಿದ್ದರು. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆಂದು ಗುರುತಿಸಿದ್ದ ಹೊಲಗಳಲ್ಲಿಯೂ ಭತ್ತ ಬಂದಿತು. ಹಲವೆಡೆ ಭೂಮಿ ಸವಳು ಜವಳಾಯಿತು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ತಲುಪದಾಯಿತು. ಮಣ್ಣು ಕೆಟ್ಟದ್ದೇಕೆ ಎಂದು ರಸಾಯನಶಾಸ್ತ್ರಜ್ಞ ಕೇಳಬೇಕು. ನಷ್ಟ ಯಾರದು, ಲಾಭ ಯಾರದು ಎಂದು ಅರ್ಥಶಾಸ್ತ್ರಜ್ಞ ಕೇಳಬೇಕು. ಮೇಲಿನವನು ತೂಬು ತೆರೆದುಕೊಂಡರೆ ಕೆಳಗಿನವನಿಗೆ ಯಾವ ಹಕ್ಕು ಎಂದು ಕಾನೂನು ಓದಿದವನು ಕೇಳಬೇಕು. 133 ಟಿ.ಎಂ.ಸಿ. ಎಂದು ಹೇಳಲಾಗುತ್ತಿದ್ದ ಜಲಾಶಯದ ಸಾಮರ್ಥ್ಯವು ಹೂಳು ತುಂಬಿ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ತುಂಬಿದ ಹೊಳೆಯಲ್ಲಿ ನೀರು ವ್ಯರ್ಥವಾಗಿ ಹರಿಯುವುದನ್ನು ಕಂಡು ಸಿರುಗುಪ್ಪದ ರೈತರು ನಿದ್ದೆಗೆಟ್ಟರು. ಒಂದು ವಾರದೊಳಗೆ ಹರಿಯುವ ನೀರಿನಲ್ಲಿಯೇ ಅಡ್ಡಹಲಗೆಗಳನ್ನು ಇಳಿಸಿ ನೀರನ್ನು ತಡೆದ ತಂತ್ರಜ್ಞರ ವಿದ್ಯೆಯನ್ನು ಅಂದು ಊರೂರೇ ಕೊಂಡಾಡಿತು. ವಿದ್ಯೆಗೂ ಅನ್ನಕ್ಕೂ ಇರುವ ಸಂಬಂಧವನ್ನು ನಮ್ಮ ರೈತನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರನೆಯದು ಕುರುಗೋಡು. ದೊಡ್ಡಬಸವೇಶ್ವರನ ಬೃಹತ್ ಏಕಶಿಲಾ ನಂದಿಯನ್ನು ನೋಡಲು ಬಂದವರು ಬೆಟ್ಟದ ಬದಿಯ ಹಳೆಯ ಗುಡಿಗಳನ್ನೂ ಶಾಸನಗಳನ್ನೂ ನೋಡದೆ ಹಿಂದಿರುಗುವುದುಂಟು. ಈಗ ತಾಲ್ಲೂಕು ಕೇಂದ್ರವಾಗಿರುವ ಈ ಊರು ಹನ್ನೆರಡನೆಯ ಶತಮಾನದಲ್ಲಿ ಬಲ್ಲಕುಂದೆ ನಾಡನ್ನಾಳಿದ ಸಿಂದರ ರಾಜಧಾನಿಯಾಗಿತ್ತು. ಬಳ್ಳಾರಿ ಅಂದು ಮದರಾಸಿಗೆ ಸೇರಿದ್ದರಿಂದ ನಮ್ಮ ಜಿಲ್ಲೆಯ ಕನ್ನಡ ಶಾಸನಗಳು 1939ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾದವು, ಆರ್. ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣರಾಯರೂ ಅದರ ಸಂಪಾದಕರು. ಒಂದು ಶಾಸನವನ್ನು ಓದಲು ಹಳಗನ್ನಡ ಬೇಕು, ಸಂಸ್ಕೃತ ಬೇಕು. ಅದರಲ್ಲಿಯ ಶಕವರ್ಷ, ಸಂವತ್ಸರ, ತಿಥಿ, ವಾರಗಳು ಹೊಂದುತ್ತವೆಯೇ ಎಂದು ನೋಡಲು ಗಣಿತ ಬೇಕು. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಹೊರತಂದ ಪಂಚಾಂಗ ಕೋಷ್ಟಕಗಳನ್ನು ಶಾಸನತಜ್ಞರು ಇದಕ್ಕಾಗಿ ಬಳಸುತ್ತ ಬಂದಿದ್ದಾರೆ. ದತ್ತಿ ಕೊಟ್ಟ ಭೂಮಿಯ ಅಳತೆ, ತೆರಿಗೆಯ ವಿನಾಯಿತಿಗಳನ್ನು ಅರಿಯಲು ಅರ್ಥಶಾಸ್ತ್ರ ಬೇಕು. ಕನ್ನಡ ಎಂ.ಎ. ಮಾಡುವುದೆಂದರೆ ಬೇರೇನೂ ದೊರೆಯದವರು ಮಾಡುವ ಕೆಲಸವೆಂದು ತಿಳಿದವರು ಒಮ್ಮೆ ಕುರುಗೋಡಿನ ಶಾಸನದ ಮುಂದೆ ನಿಂತು ನಾಲ್ಕು ಸಾಲು ಓದಲು ಪ್ರಯತ್ನಿಸಲಿ. ಆ ವಿದ್ಯೆ ಎಷ್ಟು ಶ್ರಮದ್ದೆಂದು ಅವರಿಗೆ ತಾನಾಗಿಯೇ ತಿಳಿಯುತ್ತದೆ.

ಇಷ್ಟೆಲ್ಲ ಹೇಳಿದರೂ, ನಮ್ಮ ಕಟ್ಟೆಯ ಮೇಲೆ ಕುಳಿತ ತಂದೆಯ ಆತಂಕವು ಸುಳ್ಳಲ್ಲ. 2023ರ ಬೇಸಗೆಯ ಕೊನೆಯಲ್ಲಿ ಸಿರುಗುಪ್ಪ ತಾಲ್ಲೂಕಿನ ಒಬ್ಬ ರೈತರು ಬಿ.ಎ. ಮುಗಿಸಿದ ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿಗೆ ಇತಿಹಾಸ ಮತ್ತು ಪುರಾತತ್ತ್ವದಲ್ಲಿ ಎಂ.ಎ. ಮಾಡುವ ಆಸೆ. ತಂದೆಗೆ ಅವಳು ಕೂಡಲೇ ಬಿ.ಎಡ್. ಸೇರಲಿ ಎಂಬ ಇಚ್ಛೆ. "ಮೇಷ್ಟ್ರೇ, ಹಳೇ ಕಲ್ಲಿನ ಸುದ್ದಿ ಓದಿದ್ರೆ ಹೊಟ್ಟೆ ತುಂಬ್ತೈತೇನ್ರಿ? ಬಿ.ಎಡ್. ಮಾಡಿಸಿದ್ರೆ ಎಲ್ಲಾದ್ರೂ ಸಾಲ್ಯಾಗ ಸೇರ್ಕಂತಾಳೆ" ಎಂದರು. ನಾನು ಆ ಹುಡುಗಿಯನ್ನು, "ನಿನಗೆ ಅದೇ ಏಕೆ ಬೇಕಮ್ಮ?" ಎಂದು ಕೇಳಿದೆ. "ನಮ್ಮ ಹೊಲದ ಬದುವಿನ ಮೇಲೆ ಒಂದು ವೀರಗಲ್ಲು ಐತ್ರಿ ಸಾರ್. ಅದರಾಗಿರೋನು ಯಾರಂತ ಊರಾಗ ಯಾರಿಗೂ ಗೊತ್ತಿಲ್ರಿ" ಎಂದಳು. ಪ್ರಶ್ನೆ ಅವಳನ್ನು ಆಗಲೇ ಹಿಡಿದುಬಿಟ್ಟಿತ್ತು. ನೌಕರಿಯ ಭರವಸೆಯನ್ನು ನಾನು ಕೊಡಲಿಲ್ಲ, ಕೊಡುವ ಅಧಿಕಾರವೂ ನನಗಿರಲಿಲ್ಲ. ಎರಡು ವರ್ಷ ತಡವಾದರೂ ಬಿ.ಎಡ್. ಮಾಡಬಹುದು, ಈ ಆಸೆ ಆರಿದ ಮೇಲೆ ಎಂ.ಎ. ಮಾಡಲಾಗದು ಎಂದಷ್ಟೇ ಹೇಳಿದೆ. ಆ ವರ್ಷದ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಆರಂಭವಾಗಿದ್ದುದು ನನ್ನ ಮಾತಿಗಿಂತ ಹೆಚ್ಚಿನ ಸಹಾಯ ಮಾಡಿತೆಂದೇ ಹೇಳಬೇಕು.

ಅವಳು ಎರಡು ವರ್ಷ, ನಸುಕಿನಲ್ಲಿ ಎದ್ದು, ಬುತ್ತಿ ಕಟ್ಟಿಕೊಂಡು, ಬಳ್ಳಾರಿಗೆ ಬಸ್ಸಿನಲ್ಲಿ ಓಡಾಡಿದಳು. ಕಿರುಪ್ರಬಂಧಕ್ಕೆ ತನ್ನ ಹೋಬಳಿಯ ವೀರಗಲ್ಲುಗಳನ್ನೇ ಆರಿಸಿಕೊಂಡಳು. ಯಾವ ಕಲ್ಲು ಯಾವ ಹೊಲದಲ್ಲಿದೆ, ಯಾವುದನ್ನು ಕಾಲುವೆ ತೋಡುವಾಗ ಎಲ್ಲಿಗೆ ಸರಿಸಿದರು ಎಂಬುದೆಲ್ಲ ಚಿಕ್ಕಂದಿನಲ್ಲಿ ಕುರಿ ಕಾಯ್ದ ಅವಳ ತಂದೆಗೆ ಕಂಠಪಾಠವಾಗಿತ್ತು. ಅವರೇ ಮೋಟಾರ್ ಸೈಕಲ್ಲಿನ ಮೇಲೆ ಮಗಳನ್ನು ಕೂರಿಸಿಕೊಂಡು ಹೊಲ ಹೊಲ ತಿರುಗಿ ಕಲ್ಲುಗಳನ್ನು ತೋರಿಸಿದರು. 2025ರಲ್ಲಿ ಅವಳು ಎಂ.ಎ. ತೇರ್ಗಡೆಯಾದಳು. ಮುಂದಿನದು ಬಿ.ಎಡ್.; ಜೊತೆಗೆ ಸ್ಪರ್ಧಾತ್ಮಕ ಪರೀಕ್ಷೆಗಳ ಸಿದ್ಧತೆ. ನೌಕರಿ ಇನ್ನೂ ದೊರೆತಿಲ್ಲ. ತಂದೆ ಭೇಟಿಯಾದಾಗಲೆಲ್ಲ, "ಮುಂದೇನ್ರಿ ಮೇಷ್ಟ್ರೇ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವೆಲ್ಲರೂ. ವಿದ್ಯೆಯ ಬಾಗಿಲು ತೆರೆದು, ಅದರಾಚೆಯ ದಾರಿಯನ್ನು ಬಡವರ ಮಕ್ಕಳಿಗಷ್ಟೇ ಬಿಟ್ಟುಬಿಡುವುದು ಸಮಾಜಕ್ಕೆ ಶೋಭೆಯಲ್ಲ.

ವ್ಯಾಸಂಗ ಕ್ರಮಗಳು ಮೇಲಿಂದ ಮೇಲೆ ಬದಲಾಗುತ್ತಿರುವುದೂ ತಂದೆತಾಯಿಗಳನ್ನು ದಿಕ್ಕುಗೆಡಿಸಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಅನ್ವಯ ನಾಲ್ಕು ವರ್ಷಗಳ ಪದವಿಯೂ ಬೇರೆ ನಿಕಾಯದ ವಿಷಯವನ್ನು ಓದುವ ಅವಕಾಶವೂ ಬಂದವು. 2024-25ರಿಂದ ರಾಜ್ಯವು ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಒಂದೇ ಮನೆಯ ಅಣ್ಣನದು ಒಂದು ಕ್ರಮ, ತಂಗಿಯದು ಇನ್ನೊಂದು ಕ್ರಮ. ಅಕ್ಷರ ಬಾರದ ತಾಯಿಗೆ ಇದನ್ನು ಯಾರು ವಿವರಿಸಬೇಕು? ಕಾಲೇಜಿನ ಕಿಟಕಿಯ ಮುಂದೆ ಅರ್ಜಿ ತುಂಬುವ ಗಡಿಬಿಡಿಯಲ್ಲಿ ಅದು ಆಗುವ ಕೆಲಸವಲ್ಲ. ಅದು ಪ್ರೌಢಶಾಲೆಯಲ್ಲಿಯೇ, ಮಗುವಿನ ಸ್ವಭಾವವನ್ನು ಬಲ್ಲ ಗುರುಗಳಿಂದಲೇ ಆಗಬೇಕು.

ಆದ್ದರಿಂದ ಈ ಸಂಚಿಕೆಯ ಓದುಗರಲ್ಲಿ ನನ್ನದು ಮೂರು ವಿನಂತಿಗಳು. ಗುರುಗಳು ಹತ್ತನೆಯ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಕುಡತಿನಿಯ ದಿಬ್ಬಕ್ಕೆ, ಸಿರುಗುಪ್ಪದ ಕಾಲುವೆಗೆ, ಕುರುಗೋಡಿನ ಶಾಸನಗಳ ಬಳಿಗೆ, ಬಳ್ಳಾರಿಯಲ್ಲಿರುವ ಬ್ರೂಸ್ ಫೂಟರ ಹೆಸರಿನ ಪುರಾತತ್ತ್ವ ಸಂಗ್ರಹಾಲಯಕ್ಕೆ ಕರೆದೊಯ್ಯಲಿ. ಅಲ್ಲಿ ತಾವು ಉತ್ತರ ಹೇಳದೆ, ಮಕ್ಕಳು ಯಾವ ಪ್ರಶ್ನೆ ಕೇಳುತ್ತಾರೆಂಬುದನ್ನು ಗಮನಿಸಿ ಬರೆದಿಡಲಿ. ವಿಷಯ ಆರಿಸುವ ದಿನ ಅಂಕಪಟ್ಟಿಯಷ್ಟೇ ಆ ಪುಸ್ತಕವೂ ಉಪಯೋಗಕ್ಕೆ ಬರುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರು, ವಕೀಲರು, ಗಣಿಗಳಲ್ಲಿ ಕೆಲಸ ಮಾಡುವವರು, ಕೃಷಿ ಅಧಿಕಾರಿಗಳು, ಕನ್ನಡದ ಅಧ್ಯಾಪಕರು, ಬ್ಯಾಂಕಿನವರು ಇದ್ದಾರೆ. ಒಂದೊಂದು ಶನಿವಾರ ಒಬ್ಬೊಬ್ಬರು ಬಂದು, ತಮ್ಮ ಸಾಧನೆಯ ವರ್ಣನೆಗಿಂತ ಹೆಚ್ಚಾಗಿ, ತಮ್ಮ ವಿಷಯದಲ್ಲಿ ಏನನ್ನು ಓದಿದೆವು, ಎಷ್ಟು ಖರ್ಚಾಯಿತು, ಕೆಲಸ ಹೇಗೆ ದೊರೆಯಿತು, ಏನು ದೊರೆಯಲಿಲ್ಲ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಲಿ.

ದಾನಿಗಳಲ್ಲಿ ನನ್ನ ಅರಿಕೆ ಬೇರೆಯದು. ಕೋಣೆಗಳನ್ನು ಕಟ್ಟಿಸಿಕೊಟ್ಟಿದ್ದೀರಿ, ಪ್ರಥಮ ಸ್ಥಾನ ಪಡೆದವರಿಗೆ ಬಹುಮಾನಗಳನ್ನಿಟ್ಟಿದ್ದೀರಿ. ಈ ಶಾಲೆ ನಿಂತಿರುವುದೇ ಆ ಔದಾರ್ಯದ ಮೇಲೆ. ಇನ್ನು ಮುಂದೆ ಒಂದು ಸಣ್ಣ ದತ್ತಿಯನ್ನು ಹತ್ತನೆಯ ತರಗತಿಯ ಮೊದಲಿಗನಿಗಲ್ಲದೆ, ಈ ಶಾಲೆಯಿಂದ ಹೊರಬಿದ್ದು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನವನ್ನೋ ಶಾಸನಶಾಸ್ತ್ರವನ್ನೋ ಗಣಿತವನ್ನೋ ರಂಗಕಲೆಯನ್ನೋ ಆರಿಸಿಕೊಂಡ, ಮನೆಯಲ್ಲಿ ಅನುಕೂಲವಿಲ್ಲದ ಮಗುವಿಗಾಗಿ ಇಡಿರಿ. ವಸತಿ ನಿಲಯದ ಶುಲ್ಕ, ಪರೀಕ್ಷಾ ಶುಲ್ಕ, ನಾಲ್ಕು ಪುಸ್ತಕ, ಇಷ್ಟಕ್ಕೆ ಸಾಲುವಷ್ಟಿದ್ದರೂ ಸಾಕು. ಧಾರವಾಡದ ರೈಲು ಹತ್ತಲಾರದೆ ಉಳಿದ ನನ್ನ ಸಹಪಾಠಿಗಳಿಗೆ ಕೊರತೆಯಾಗಿದ್ದುದು ಅಷ್ಟೇ ಹಣ.

ಮುಂದಿನ ಜೂನ್ ತಿಂಗಳಲ್ಲಿ ಈ ಶಾಲೆಯ ಮಗುವೊಂದು "ಯಾವ ವಿಷಯ ತೆಗೆದುಕೊಳ್ಳಲಿ?" ಎಂದು ಕೇಳಿದಾಗ ಅದರ ಅಂಕಗಳನ್ನು ವಿಚಾರಿಸುವ ಮೊದಲು ಅದರ ಮನಸ್ಸಿನಲ್ಲಿರುವ ಪ್ರಶ್ನೆ ಯಾವುದೆಂದು ವಿಚಾರಿಸುವ ಹಿರಿಯರು ಊರೂರಲ್ಲಿ ಸಿಗುವಂತಾಗಲಿ. ಗುಡಿಯ ಕಟ್ಟೆಯ ಮೇಲೂ, ಹೊಲದ ಬದುವಿನ ಮೇಲೂ, ಬಸ್ ನಿಲ್ದಾಣದಲ್ಲಿಯೂ ನಡೆಯಬೇಕಾದ ಮಾತು ಇದು. ವಿಶ್ವವಿದ್ಯಾಲಯವು ಮದರಾಸಿನಿಂದ ಬಳ್ಳಾರಿಯವರೆಗೆ ಬರಲು ಒಂದು ಜೀವಮಾನ ಹಿಡಿಯಿತು. ಬಳ್ಳಾರಿಯಿಂದ ನಮ್ಮ ಹಳ್ಳಿಗಳ ಮನೆಯಂಗಳದವರೆಗಿನ ಉಳಿದ ದಾರಿಯನ್ನು ಸವೆಸುವ ಹೊಣೆ ಈ ಶಾಲೆಯದು, ನಮ್ಮದು.